ಕೊನೆಗೆ ಉಣ್ಣುವವರ ನಾಡು

ಅರವತ್ತು ದೇಶಗಳಲ್ಲಿ ಮಲಪ್ರಭಾ ನಾಡೇ ಎಲ್ಲಕ್ಕಿಂತ ಶ್ರೀಮಂತ ಎಂದು ನಮ್ಮ ಪರದೆ ಹೇಳುತ್ತಿತ್ತು. ಅದೇ ಪರದೆಯ ಇನ್ನೊಂದು ಮೂಲೆಯಲ್ಲಿ ಮಲಪ್ರಭಾ ನಾಡಿನ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಹೊಟ್ಟೆ ತುಂಬಿದ ದೇಶ ಬಿಟ್ಟು ಯಾವ ಮಂದಿ ಓಡಿಹೋಗುತ್ತಾರೆ? ನಾನು ಹಾಗೆ ಕೇಳಿದಾಗಲೆಲ್ಲ ನಮ್ಮ ಇನಾಮದಾರ ಸರ್ ಚಹಾ ತರಿಸುತ್ತಿದ್ದರು. ಉತ್ತರ ಗೊತ್ತಿಲ್ಲದ ಕಡೆ ಚಹಾ ತರಿಸುವುದು ಅವರ ರೂಢಿ.

ಆಟದ ಹೆಸರು ‘ಅರವತ್ತು ನಾಡು’. ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇನಾಮದಾರ ಸರ್ ಕಟ್ಟಿಕೊಂಡ ಸಣ್ಣ ಕಂಪನಿ ನಮ್ಮದು. ಸಮುದ್ರದಾಚೆಯ ವ್ಯಾಪಾರಿಗಳ ಹಡಗುಗಳು ನಮ್ಮ ದಂಡೆಗೆ ಬಂದೇ ಇರದಿದ್ದರೆ ಏನಾಗುತ್ತಿತ್ತು? ಆಟ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ನಮ್ಮ ಚರಿತ್ರೆಯಲ್ಲಿ ಆ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗುತ್ತವೆ. ಆಮೇಲೆ ಈ ನೆಲ ಅರವತ್ತು ದೇಶಗಳಾಗಿ, ತಂತಮ್ಮ ರೈಲು, ಗಿರಣಿ, ನಾಣ್ಯ, ಜಗಳಗಳ ಜೊತೆ ಬೆಳೆಯುತ್ತದೆ. ಆಡುವವರು ಒಂದೊಂದು ದೇಶ ಹಿಡಿದು ನೂರಾರು ವರ್ಷ ಆಳಬೇಕು. ಒಳಗಿರುವ ಪ್ರಜೆಗಳನ್ನು ನಾವು ಗೊಂಬೆ ಎನ್ನುತ್ತೇವೆ. ಬರೀ ಗೊಂಬೆಗಳಲ್ಲ ಅವು. ಅವುಗಳಿಗೆ ಹಸಿವಾಗುತ್ತದೆ, ಮದುವೆಯಾಗುತ್ತದೆ, ಮೂಗಿನ ತುದಿಯಲ್ಲೇ ಸಿಟ್ಟಿರುತ್ತದೆ. ಅವುಗಳಿಗೆ ನಡೆನುಡಿ ಕಲಿಸಲೆಂದು ಈ ಸೀಮೆಯ ಸಂತೆ, ಬಸ್‌ ನಿಲ್ದಾಣ, ಖಾನಾವಳಿಗಳಲ್ಲಿ ನೋಡಿ ಕೇಳಿದ್ದನ್ನೆಲ್ಲ ಆಟ ನಡೆಸುವ ಯಂತ್ರಕ್ಕೆ ತುಂಬಿದ್ದೆವು.

ನನ್ನ ಕೆಲಸ ತೂಗುವುದು. ಯಾವ ದೇಶ ಮುಂದೆ, ಯಾವುದು ಹಿಂದೆ ಎಂದು ವಾರಕ್ಕೊಮ್ಮೆ ಪಟ್ಟಿ ಬಿಡಬೇಕು. ಹೇಳಿದಷ್ಟು ಸುಲಭವಲ್ಲ. ನಮ್ಮ ಚರಿತ್ರೆಯಲ್ಲಿ ಡಾಲರು ಹುಟ್ಟಿಯೇ ಇಲ್ಲ. ಕಾಳಿ ನಾಡಿನ ವರಹಕ್ಕೂ ಭೀಮಾ ನಾಡಿನ ಹೊನ್ನಿಗೂ ಯಾವ ಸಂಬಂಧವೂ ಇಲ್ಲ. ಹಾಗಾದರೆ ತಕ್ಕಡಿಯ ಆಚೆಯ ತಟ್ಟೆಯಲ್ಲಿ ಏನಿಡಬೇಕು? ವಾರಗಟ್ಟಲೆ ಜಗಳಾಡಿ ಊಟವನ್ನಿಟ್ಟೆವು. ಒಬ್ಬ ಕೂಲಿಯವನು ಖಾನಾವಳಿಯ ಒಂದು ಊಟಕ್ಕಾಗಿ ಎಷ್ಟು ಹೊತ್ತು ದುಡಿಯಬೇಕು? ಕಡಿಮೆ ಹೊತ್ತು ಸಾಕಾದರೆ ಶ್ರೀಮಂತ ದೇಶ, ಹೆಚ್ಚು ಬೇಕಾದರೆ ಬಡ ದೇಶ. ಊಟವಿಲ್ಲದ ದೇಶ ಯಾವುದೂ ಇಲ್ಲವಲ್ಲ. ಆ ದಿನ ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಸಣ್ಣದೊಂದು ಕಿರಿಕಿರಿ ಮಾತ್ರ ಉಳಿದಿತ್ತು. ಮಲಪ್ರಭಾ ನಾಡಿನ ಉಗ್ರಾಣಗಳಿಂದ ಜೋಳ ಮಾಯವಾಗುತ್ತಿತ್ತು. ಬೆಳೆದದ್ದಕ್ಕೂ ಉಂಡದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಯಂತ್ರ ತನಗೆ ತೋಚಿದಂತೆ ಆ ಕೊರತೆಯನ್ನೆಲ್ಲ ‘ಇಲಿ, ಹೆಗ್ಗಣ’ ಎಂಬ ಖಾನೆಗೆ ತಳ್ಳುತ್ತಿತ್ತು. ನಮ್ಮವರೇನು ಕಡಿಮೆಯೇ? ಆಟದೊಳಗೆ ಬೆಕ್ಕು ಮಾರಲು ಶುರುಮಾಡಿದರು. ಆಡುವವರು ಮುಗಿಬಿದ್ದು ಕೊಂಡರು. ಮಲಪ್ರಭಾ ನಾಡಿನಲ್ಲಿ ಮನುಷ್ಯರಿಗಿಂತ ಬೆಕ್ಕುಗಳೇ ಹೆಚ್ಚಾದವು, ಜೋಳ ಮಾತ್ರ ಮಾಯವಾಗುತ್ತಲೇ ಹೋಯಿತು.

ಆಟದಲ್ಲಿ ಗೊಂಬೆಗಳು ಗುಳೆ ಹೋದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ಈ ವರ್ಷ ಧಾನ್ಯ ಮಂಡಳಿಯವರು ನಮ್ಮ ತಕ್ಕಡಿಯನ್ನು ಹುಡುಕಿಕೊಂಡು ಬಂದರು. ಕೂಲಿಕಾರರು ಉಣ್ಣುವ ಖಾನಾವಳಿಗಳಿಗೆ ಅಗ್ಗದ ದರದಲ್ಲಿ ಜೋಳ ಕೊಡುವವರು ಅವರೇ. ಎಲ್ಲರಿಗೂ ಕೊಡುವಷ್ಟು ಜೋಳವಿಲ್ಲ, ಯಾವ ಪ್ರದೇಶಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಹೇಳಬಲ್ಲಿರಾ ಎಂದು ಕೇಳಿದರು. ಇನಾಮದಾರ ಸರ್ ಖುಷಿಯಿಂದ ಹೂಂ ಅಂದರು. ನಿಜವಾದ ಊರುಗಳನ್ನು ಯಂತ್ರಕ್ಕೆ ಹಾಕಿದೆವು. ‘ಹೊಟ್ಟೆ ತುಂಬಿದ ಪ್ರದೇಶಗಳು’ ಎಂಬ ಪಟ್ಟಿ ಹೊರಬಂತು. ಬರುವ ತಿಂಗಳಿಂದ ಅಲ್ಲೆಲ್ಲ ಜೋಳ ಬಂದ್. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಹುಬ್ಬಳ್ಳಿಯ ಮಾರ್ಕೆಟ್ ಯಾರ್ಡು.

ಆ ಯಾರ್ಡಿನ ಹಿಂದಿನ ಓಣಿಯಲ್ಲಿ ನನ್ನ ಅವ್ವ ಬಾಳವ್ವನ ಖಾನಾವಳಿ ಇದೆ. ಉಣ್ಣುವವರು ಹೆಚ್ಚಾಗಿ ಹಮಾಲರು. ಒಮ್ಮೆ ಯಾರ್ಡಿಗೆ ಚೀಲ ಹೊರುವ ಯಂತ್ರಗಳು ಬಂದಿದ್ದವು. ಅಲ್ಲಿನ ತಗ್ಗು ದಿನ್ನೆ, ಮೆಣಸಿನಕಾಯಿ ಘಾಟು ತಾಳದೆ ಕೆಲವೇ ತಿಂಗಳಲ್ಲಿ ಮೂಲೆ ಸೇರಿದವು. ಹಮಾಲರು ತಮ್ಮ ಕೊಕ್ಕೆ ಹಿಡಿದು ಮರಳಿ ಬಂದರು.

ಪಟ್ಟಿಯ ಸುದ್ದಿ ಹೇಳಲು ಹೋದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಜೋಳ ನಿಂತ್ರ ಏನ್ ಮಾಡ್ತಿಬೇ?” ಅಂದೆ.

“ಏನ್ ಮಾಡೂದು? ಊಟದ ರೇಟ್ ಏರಿಸಬೇಕು. ಏರಿಸಿದ್ರ ಇವರು ಬರಂಗಿಲ್ಲ. ಬರಲಿಲ್ಲಂದ್ರ ಬಾಗಲಾ ಹಾಕ್ಕೊಂಡು ಕುಂಡ್ರೂದು.” ರೊಟ್ಟಿಯನ್ನು ಹೆಂಚಿಗೆ ಹಾಕಿ ನನ್ನ ಕಡೆ ನೋಡಿದಳು. “ನೀ ಯಾಕ ಮಾರಿ ಸಣ್ಣದು ಮಾಡ್ಕೊಂಡಿ? ನಮ್ಮ ಹೊಟ್ಟಿ ತುಂಬೈತಿ ಅಂತ ಹೇಳಿದ್ದು ನಿಮ್ಮ ಮಷೀನ್ ಅಲ್ಲೇನು?”

ಚೇಷ್ಟೆಗೆ ಅಂದದ್ದು. ನನಗೆ ಮಾತ್ರ ಚುರ್ ಅಂದಿತು. ಈ ಖಾನಾವಳಿಯ ಬಾಗಿಲು ನನ್ನ ತಕ್ಕಡಿಯಿಂದ ಮುಚ್ಚಬಾರದು. ಅಷ್ಟನ್ನು ಅಲ್ಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಎದ್ದೆ.

ಕಚೇರಿಗೆ ಬಂದವಳೇ ಪಟ್ಟಿಗಳನ್ನೆಲ್ಲ ಬದಿಗಿಟ್ಟು ಒಂದು ಗೊಂಬೆಯ ಬೆನ್ನು ಹತ್ತಿದೆ. ಮಲಪ್ರಭಾ ನಾಡಿನ ಕಲ್ಲು ಒಡೆಯುವವನು. ಯಂತ್ರ ಅವನಿಗೆ ಕಲ್ಲಪ್ಪ ಎಂದೇ ಹೆಸರಿಟ್ಟಿತ್ತು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹೋದ. ಮಧ್ಯಾಹ್ನ ಖಾನಾವಳಿಯಲ್ಲಿ ಕೂತ, ಒಂದು ಊಟಕ್ಕೆ ದುಡ್ಡು ಕೊಟ್ಟ, ಎದ್ದ. ಯಂತ್ರ ‘ಊಟ ಒಂದು’ ಎಂದು ಗುರುತು ಹಾಕಿಕೊಂಡಿತು. ಆದರೆ ಖಾನಾವಳಿಯ ಬುಟ್ಟಿಯಲ್ಲಿ ಹನ್ನೊಂದು ರೊಟ್ಟಿ ಕಡಿಮೆಯಾಗಿದ್ದವು. ಕಾಳಿ ನಾಡಿನ ಒಬ್ಬ ಗುಮಾಸ್ತನನ್ನು ನೋಡಿದೆ. ಅವನು ಮುಂಜಾನೆ ಉಪ್ಪಿಟ್ಟು ತಿಂದಿದ್ದ, ಸಂಜೆಗೆ ಚಕ್ಕುಲಿ ಕಟ್ಟಿಸಿಕೊಂಡಿದ್ದ. ಮಧ್ಯಾಹ್ನದ ಊಟದಲ್ಲಿ ಮೂರು ರೊಟ್ಟಿ ತಿಂದು ಕೈತೊಳೆದ. ಅವನದೂ ‘ಊಟ ಒಂದು’.

ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಎಲ್ಲ ಖಾನೆಗಳನ್ನೂ ಮಾಡಿದ್ದ ನಾವು ರೊಟ್ಟಿಗೊಂದು ಖಾನೆ ಮಾಡಿರಲಿಲ್ಲ! ಮಾಡುವುದು ಯಾರಿಗೂ ಹೊಳೆದೇ ಇರಲಿಲ್ಲ. ನಮ್ಮ ಕಡೆ ಉಣ್ಣುವವರ ರೊಟ್ಟಿ ಯಾರೂ ಎಣಿಸುವುದಿಲ್ಲ. ದೃಷ್ಟಿಯಾಗುತ್ತದೆ ಎನ್ನುವುದು ಒಂದು, ಅದಕ್ಕಿಂತ ಹೆಚ್ಚಾಗಿ ಅದು ಹೇಸಿಗೆಯ ಕೆಲಸ. ಖಾನಾವಳಿಯಲ್ಲಿ ಊಟಕ್ಕೆ ಒಂದು ದರ, ರೊಟ್ಟಿ ಬೇಕಾದಷ್ಟು. ಕಂಪನಿಯಲ್ಲಿದ್ದವರು ಎಲ್ಲರೂ ಹುಬ್ಬಳ್ಳಿ, ಗದಗ, ಬಾಗಲಕೋಟೆಯವರು. ಬೇರೆ ಸೀಮೆಯ ಒಬ್ಬನಿದ್ದರೂ ಸಾಕಿತ್ತು, ಒಂದು ಊಟವೆಂದರೆ ಎಷ್ಟು ರೊಟ್ಟಿ ಎಂದು ಮೊದಲ ದಿನವೇ ಕೇಳಿರುತ್ತಿದ್ದ.

ಬಡ ದೇಶದ ಕೂಲಿಯವನಿಗೆ ದಿನಕ್ಕೆ ಅದೊಂದೇ ಊಟ, ಆದ್ದರಿಂದ ಹನ್ನೊಂದು ತಿನ್ನುತ್ತಾನೆ. ಅವನಲ್ಲಿ ಹೆಚ್ಚು ಕೊಡಲು ಏನೂ ಇಲ್ಲ, ಆದ್ದರಿಂದ ಖಾನಾವಳಿಯವರು ದರ ಏರಿಸುವುದಿಲ್ಲ. ನಮ್ಮ ತಕ್ಕಡಿ ಅದನ್ನು ನೋಡಿ, ಅಬ್ಬಾ, ಇಲ್ಲಿ ಊಟ ಎಷ್ಟು ಅಗ್ಗ ಎಂದು ಆ ದೇಶವನ್ನು ಮೇಲಕ್ಕೇರಿಸುತ್ತಿತ್ತು. ಹಸಿವು ಹೆಚ್ಚಾದಷ್ಟೂ ದೇಶ ಶ್ರೀಮಂತ. ಹೆಗ್ಗಣದ ಖಾನೆಗೆ ಹೋಗುತ್ತಿದ್ದದ್ದು ಕಲ್ಲಪ್ಪನಂಥವರು ತಿಂದ ರೊಟ್ಟಿ.

ಇನಾಮದಾರ ಸರ್ ಎಲ್ಲ ಕೇಳಿ ಚಹಾ ತರಿಸಲಿಲ್ಲ. ಅಷ್ಟರಮಟ್ಟಿಗೆ ಅವರಿಗೂ ಗಾಬರಿಯಾಗಿತ್ತು.

“ಈಗಿಂದೀಗ ರೊಟ್ಟಿ ಎಣಿಸೂ ಖಾನೆ ಹಾಕಿಬಿಡ್ರಿ ಕಸ್ತೂರಿ. ಮಂಡಳಿಯವರಿಗೆ ಹೊಸಾ ಪಟ್ಟಿ ಕೊಟ್ರಾತು, ಯಾರಿಗೂ ಗೊತ್ತಾಗಂಗಿಲ್ಲ.”

ಹಾಕಿದೆ. ನಮ್ಮ ಯಂತ್ರಕ್ಕೊಂದು ನಿಯಮವಿದೆ. ಆ ಲೋಕದೊಳಗೆ ಯಾರಾದರೊಬ್ಬರು ನೋಡದ ಹೊರತು ಯಾವ ಸಂಗತಿಯೂ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಪ್ರತಿ ಖಾನಾವಳಿಯಲ್ಲೂ ಎಣಿಸುವ ಗೊಂಬೆಯೊಂದು ಬಾಗಿಲಲ್ಲಿ ನಿಂತಿತು. ಆಟದ ವರ್ಷಗಳನ್ನು ಓಡಿಸಿದೆ. ಮೊದಲ ದಿನವೇ ಕಲ್ಲಪ್ಪ ಮೂರು ರೊಟ್ಟಿಗೆ ಎದ್ದುಬಿಟ್ಟ. ಅವನ ಪಕ್ಕದವನೂ ಎದ್ದ. ಅರವತ್ತು ನಾಡುಗಳ ಕೂಲಿಕಾರರೆಲ್ಲ ಗುಮಾಸ್ತರ ಹಾಗೆ ಮೂರಕ್ಕೆ ಕೈತೊಳೆದರು. ಕಲ್ಲು ಒಡೆಯುವುದು ನಿಂತಿತು, ರೈಲು ಹಳಿ ಅರ್ಧಕ್ಕೇ ಉಳಿಯಿತು, ಮಲಪ್ರಭಾ ನಾಡು ಮೊದಲಿಗಿಂತ ಬೇಗ ಖಾಲಿಯಾಯಿತು.

“ಏನಾತ್ರಿ ಇದು?” ಅಂದರು ಇನಾಮದಾರ ಸರ್.

“ನಾಚಿಕೊಂಡಾವ್ರಿ ಸರ್. ನಮ್ಮ ಮಂದೀನ ನೋಡಿ ಕಲತಾವಲ್ಲ.”

ಗೊಂಬೆಗಳು ಹಾಗಿರಲಿ, ನಿಜವಾದ ಮನುಷ್ಯರ ಲೆಕ್ಕವಾದರೂ ತರೋಣವೆಂದು ಮರುದಿನ ಮಧ್ಯಾಹ್ನ ಅವ್ವನ ಖಾನಾವಳಿಯ ಕಂಬಕ್ಕೆ ಒರಗಿ ನಿಂತೆ. ದಾವಲಸಾಬ ಕಾಕಾ ಊಟಕ್ಕೆ ಕೂತಿದ್ದ. ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿ ಉಣ್ಣುವ ಹಮಾಲ, ಬೆನ್ನು ಇನ್ನೂ ಗೋಡೆಯ ಹಾಗಿದೆ. ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ಹಾಕಿಸಿಕೊಂಡು ಮೂರನೆಯ ರೊಟ್ಟಿ ಮುರಿಯುತ್ತಿದ್ದವನು ನನ್ನ ಬೆರಳಿನ ಕಡೆ ನೋಡಿದ.

“ತಂಗಿ, ಏನ್ ಎಣಸಾಕತ್ತಿ?”

ಸುಳ್ಳು ಹೇಳಲು ಬರಲಿಲ್ಲ. “ರೊಟ್ಟಿ, ಕಾಕಾ. ಯಾರ್ಡಿನ ಜೋಳ ಉಳಸಾಕ ಬೇಕಾಗೈತಿ.”

“ಹಂಗೇನು,” ಅಂದ. ಕೈಯಲ್ಲಿದ್ದ ತುತ್ತು ನುಂಗಿ, ತಾಟು ಸರಿಸಿ, ಎದ್ದು ಕೈತೊಳೆದ. ಅವನ ಸಾಲಿನವರೂ ಒಬ್ಬೊಬ್ಬರಾಗಿ ಎದ್ದರು. ಬುಟ್ಟಿ ಹಿಡಿದು ಒಳಗಿನಿಂದ ಬಂದ ಅವ್ವ ಖಾಲಿ ಪಂಕ್ತಿಯನ್ನೂ ನನ್ನನ್ನೂ ನೋಡಿದಳು.

“ಏನ್ ಮಾಡಿದಿ ನೀ?”

ಹೇಳಿದೆ. ಅವಳ ಮುಖ ಅಷ್ಟು ಕೆಂಪಾದದ್ದು ನಾನು ನೋಡಿರಲಿಲ್ಲ.

“ನಿನಗ ಓದಿಸಿದ್ದು ಇದಕ್ಕೇನು? ಉಣ್ಣೋರ ತಾಟಿಗೆ ಕಣ್ಣ ಹಾಕಾಕ? ಇನ್ನೊಮ್ಮೆ ಹಿಂಗ ಮಾಡೂದಿದ್ರ ಈ ಹೊಸ್ತಿಲಾ ತುಳೀಬ್ಯಾಡ ನೀ!”

ಆ ದಿನ ಇಳಿಹೊತ್ತಿನಲ್ಲಿ ದಾವಲಸಾಬ ಕಾಕಾ ಚೀಲದ ಸಮೇತ ಯಾರ್ಡಿನ ನಡುವೆ ಕುಸಿದು ಕೂತನಂತೆ. ಪೆಟ್ಟೇನೂ ಆಗಲಿಲ್ಲ. ಆದರೂ ಸುದ್ದಿ ಕೇಳಿದವಳೇ ಅವ್ವನ ಹತ್ತಿರ ತಪ್ಪಾಯಿತು ಅನ್ನಬೇಕೆಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ.

ಅವ್ವ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದಳು. ನಾನು ಬಂದದ್ದು ಗೊತ್ತಾಗಲಿಲ್ಲ. ಮುಂದಿದ್ದದ್ದು ಒಂದು ಬಟ್ಟಲು ಮಜ್ಜಿಗೆ. ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ಅದರಲ್ಲಿ ನೆನೆಸಿ, ಬೆರಳಿನಿಂದ ತೆಗೆದು ತಿನ್ನುತ್ತಿದ್ದಳು.

“ಇದೇನ್ ಊಟಬೇ ನಿಂದು?”

ಬೆಚ್ಚಿಬಿದ್ದು ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದಳು. “ಹಸಿವಿಲ್ಲ ಇವತ್ತ. ಎಲ್ಲಾರಿಗೂ ಬಡಿಸಿ ಬಡಿಸಿ ಹೊಟ್ಟಿ ತುಂಬಿಬಿಡತೈತಿ.”

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಕೇಳಿ ನಂಬಿದ್ದೇನೆ. ಮಂಡಳಿಯವರು ಜೋಳ ಕೊಡುವುದು ಊಟದ ಲೆಕ್ಕದಲ್ಲಿ, ಒಂದು ಊಟಕ್ಕೆ ನಾಲ್ಕು ರೊಟ್ಟಿಯಾಗುವಷ್ಟು. ಹಮಾಲರು ಹತ್ತು ಹನ್ನೊಂದು ತಿನ್ನುತ್ತಾರೆ. ಉಳಿದದ್ದನ್ನು ಪೇಟೆಯಿಂದ ತಂದು ತುಂಬಿಸಬೇಕು. ಅದೂ ಸಾಲದ ದಿನ ಕಡಿಮೆ ಬೀಳುವುದು ಯಾರ ಪಾಲಿಗೆ? ನನಗೆ ಅವಳ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಲ್ಲೇ ಅಳಬೇಕೆನಿಸಿತು. ಅಳುತ್ತ ಕೂತರೆ ಜೋಳ ಬರುವುದಿಲ್ಲವೆಂದು ಕಚೇರಿಗೆ ನಡೆದೆ.

ಎಣಿಸುವ ಗೊಂಬೆಗಳನ್ನೆಲ್ಲ ತೆಗೆದುಹಾಕಿ, ಮಲಪ್ರಭಾ ನಾಡು ಹಾಳಾದ ಹಳೆಯ ಆಟಗಳನ್ನು ಒಂದೊಂದಾಗಿ ತಿರುಗಿ ನೋಡಿದೆ. ಈ ಸಲ ಕೂಲಿಕಾರರನ್ನು ನೋಡಲಿಲ್ಲ, ಅಡುಗೆಯವರನ್ನು ನೋಡಿದೆ. ಎಲ್ಲ ಆಟದಲ್ಲೂ ಒಂದೇ ಕಥೆ. ಜನ ಗಂಟು ಕಟ್ಟುವ ಎಷ್ಟೋ ವರ್ಷ ಮೊದಲೇ ಖಾನಾವಳಿಯ ಹೆಂಗಸರ ಬಟ್ಟಲು ಬರಿದಾಗಿರುತ್ತದೆ. ಆಮೇಲೆ ಅವರು ಹಾಸಿಗೆ ಹಿಡಿಯುತ್ತಾರೆ. ಖಾನಾವಳಿಗಳ ಬಾಗಿಲು ಮುಚ್ಚುತ್ತದೆ. ಆಮೇಲೆ ಕೂಲಿಯವರು ಊರು ಬಿಡುತ್ತಾರೆ. ಕಾಳಿ ನಾಡಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕೊನೆಗೆ ಕೂತವಳೂ ಮೊದಲು ಕೂತವನಷ್ಟೇ ಉಂಡು ಏಳುತ್ತಾಳೆ.

ಹೊಸ ತಕ್ಕಡಿ ಅಲ್ಲೇ ಸಿಕ್ಕಿತು. ದೇಶದ ಸಿರಿಯನ್ನು ಮೊದಲು ಉಂಡವನಿಂದ ಅಳೆಯಬಾರದು. ಕೊನೆಗೆ ಕೂತವರ ತಾಟಿನಲ್ಲಿ, ಹೊಟ್ಟೆ ತುಂಬ ಉಂಡಾಗ ಇರುವಷ್ಟರಲ್ಲಿ ಎಷ್ಟು ಪಾಲು ಇದೆ ಎಂದು ನೋಡಬೇಕು. ಯಂತ್ರದ ಖಾನೆ ನೆಚ್ಚದೆ, ಹಳೆಯ ಆಟಗಳಲ್ಲಿ ನಾನೇ ನೋಡಿದ ತಾಟುಗಳನ್ನಿಟ್ಟು ಅದರಂತೆ ತೂಗಿದೆ. ಮಲಪ್ರಭಾ ನಾಡು ಮೊದಲ ಸ್ಥಾನದಿಂದ ಐವತ್ತೇಳಕ್ಕೆ ಬಿತ್ತು.

ಇನಾಮದಾರ ಸರ್ ಕುರ್ಚಿ ಎಳೆದುಕೊಂಡು ಪರದೆ ನೋಡಿದರು. “ಗೊಂಬಿ ತಾಟು ನಮಗ ಕಾಣತೈತಿ ಕಸ್ತೂರಿ. ನಿಜವಾದ ಮನಿಯಾಗ ಕೊನೀಗೆ ಉಂಡೋರು ಎಷ್ಟು ಉಂಡ್ರು ಅಂತ ಹೆಂಗ ತಿಳೀತೈತಿ? ಕೇಳಿದ್ರ ನಿಮ್ಮ ಅವ್ವ ಹೇಳ್ತಾರೇನು?”

“ಹೇಳಂಗಿಲ್ರಿ. ಅದಕ್ಕ ಕೇಳೂದು ಬ್ಯಾಡ. ನಾವ ಕೊನೀಗೆ ಕುಂಡ್ರೂಣು.”

“ನಾವು ಅಂದ್ರ?”

“ಆಟ ಆಡೋರೆಲ್ಲಾ.”

ಅವರು ತಲೆಯ ಮೇಲೆ ಕೈಹೊತ್ತು ಕೂತರು. ತಕ್ಕಡಿ ತಪ್ಪಾಗಿತ್ತೆಂದು ಊರಿಗೆಲ್ಲ ಸಾರಬೇಕಾಗುತ್ತದೆ, ಮಂಡಳಿಯ ಕೆಲಸ ಕೈಬಿಟ್ಟುಹೋಗಬಹುದು, ಆಡುವವರು ಬಾಯಿಗೆ ಬಂದಂತೆ ಬೈಯುತ್ತಾರೆ. ಎಲ್ಲವನ್ನೂ ಹೇಳಿದರು, ಎಲ್ಲವೂ ನಿಜವಿತ್ತು. ನೀವು ಬೇಡವೆಂದರೂ ನಾನು ಮಂಡಳಿಯ ಮುಂದೆ ನಿಂತು ಹೇಳುವವಳೇ ಎಂದೆ. ಕೊನೆಗೆ, “ನಿಮ್ಮ ಹಟಾ ನನಗ ಗೊತ್ತಿಲ್ಲೇನು, ಹಾಕ್ರಿ,” ಅಂದರು. ಆ ಮನುಷ್ಯನ ಮೇಲೆ ನನಗೆ ಅಂದು ಮೊದಲ ಸಲ ಗೌರವ ಬಂತು.

ಮರುದಿನ ಆಟ ತೆರೆದವರಿಗೆ ಪಟ್ಟಿ ಕಾಣಲಿಲ್ಲ, ಒಂದು ಸೂಚನೆ ಕಂಡಿತು. ನಿಮ್ಮ ದೇಶ ಎಷ್ಟನೆಯದೆಂದು ನೋಡಬೇಕಾದರೆ ಒಂದು ದಿನ ನಿಮ್ಮ ಮನೆಯಲ್ಲಿ ಎಲ್ಲರ ಊಟವಾದ ಮೇಲೆ, ಬಡಿಸುವವರ ಜೊತೆ ಕೂತು ಉಣ್ಣಿ. ಯಾರ ತಾಟನ್ನೂ ನೋಡಬೇಡಿ, ಯಾರನ್ನೂ ಕೇಳಬೇಡಿ. ನೀವು ದಿನಾ ಉಣ್ಣುವುದರಲ್ಲಿ ಅಂದು ನಿಮಗೆ ಎಷ್ಟು ಪಾಲು ಸಿಕ್ಕಿತೋ ಅಷ್ಟನ್ನು ಹೇಳಿ. ಪ್ರದೇಶದ ಹೆಸರು ಸಾಕು, ನಿಮ್ಮ ಹೆಸರು ಬೇಡ.

ಮೊದಲು ಬೈಗುಳಗಳೇ ಬಂದವು. ಬೆಕ್ಕು ಕೊಂಡವರು ದುಡ್ಡು ವಾಪಸ್ ಕೇಳಿದರು. ಸಂಜೆಯ ಹೊತ್ತಿಗೆ ಒಂದೊಂದೇ ಉತ್ತರ ಬರತೊಡಗಿತು. ಪೂರ್ತಿ. ಪೂರ್ತಿ. ಮುಕ್ಕಾಲು. ಅರ್ಧ. ಲೆಕ್ಕದ ಜೊತೆ ಮಾತುಗಳೂ ಬಂದವು. ‘ನಮ್ಮ ಮನೆಯಲ್ಲಿ ಅನ್ನ ಇತ್ತು, ಸಾರು ಇರಲಿಲ್ಲ’ ಎಂದೊಬ್ಬ ಬರೆದಿದ್ದ. ಇಳಕಲ್ಲಿನ ಯಾರೋ, ‘ನಾನು ದಿನಾ ಮೂರನೇ ಸಲ ಪಲ್ಯ ಹಾಕಿಸಿಕೊಳ್ಳುತ್ತೇನೆ. ಅದು ಯಾರದೆಂದು ಇವತ್ತು ಗೊತ್ತಾಯಿತು’ ಎಂದಿದ್ದರು. ನಾನು ಅದನ್ನು ಎರಡು ಸಲ ಓದಿ ಮುಖ ತೊಳೆದುಕೊಂಡು ಬಂದೆ. ವಾರದಲ್ಲಿ ಲಕ್ಷಾಂತರ ಮನೆಗಳ ಉತ್ತರ ಸೇರಿತು. ಯಾರ್ಡಿನ ಸುತ್ತಲಿನ ಓಣಿಗಳು ಪಟ್ಟಿಯ ತಳಕ್ಕೆ ಇಳಿದವು.

ಮಂಡಳಿಯ ಸಭೆ ಪ್ರವಾಸಿ ಮಂದಿರದಲ್ಲಿ. ಅಧ್ಯಕ್ಷೆ ವೈಜಯಂತಿ ಮೇಡಂ ಬೆಂಗಳೂರಿನವರು, ಮಾತು ಮೆತ್ತಗೆ, ಕಣ್ಣು ಚುರುಕು. ನನ್ನ ಮಾತು ಮುಗಿಯುವವರೆಗೂ ಸುಮ್ಮನೆ ಕೇಳಿದರು.

“ಚೆನ್ನಾಗಿದೆ. ಆದ್ರೆ ಆಟ ಆಡೋ ಹುಡುಗ್ರ ಮಾತು ನಂಬ್ಕೊಂಡು ಧಾನ್ಯ ಹಂಚೋಕಾಗತ್ತೇನಮ್ಮಾ?”

“ಅದಽ ಆಟದ ಮಾತು ನಂಬಿ ಜೋಳ ನಿಲ್ಲಸಾಕ ಹೊಂಟಿದ್ರಲ್ರಿ ಮೇಡಂ,” ಅಂದೆ. ಪಕ್ಕದಲ್ಲಿ ಇನಾಮದಾರ ಸರ್ ಕೆಮ್ಮಿದರು.

ಮೇಡಂ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಸರಿ. ಒಂದು ಅಡುಗೆಮನೆ ನಾನೇ ಕಣ್ಣಾರೆ ನೋಡ್ತೀನಿ. ನಾಳೆ ಯಾರ್ಡಿಗೆ ಬರ್ತೀನಿ, ಕೊನೆಗೇ ಕೂತ್ಕೋತೀನಿ. ಅದನ್ನ ನೋಡೇ ತೀರ್ಮಾನ.”

ಯಾರ್ಡಿನ ಬೇರೆ ಖಾನಾವಳಿಗಳೆಲ್ಲ ಈ ಮೊದಲೇ ಬಾಗಿಲು ಹಾಕಿದ್ದವು, ಉಳಿದದ್ದು ಅವ್ವನದೊಂದೇ. ಓಡೋಡಿ ಹೋಗಿ ಹೇಳಿದೆ. ಅವ್ವ ಖುಷಿಯಿಂದ ಎದ್ದಳು, ನೆರೆಮನೆಯಿಂದ ಒಂದು ಸೇರು ಹಿಟ್ಟು ತಂದಳು, ಎಣ್ಣೆಗಾಯಿಗೆ ಬದನೆಕಾಯಿ ಆರಿಸತೊಡಗಿದಳು. ನಾನು ಅವಳ ಕೈ ಹಿಡಿದೆ.

“ಯವ್ವಾ, ಹಂಗ ಮಾಡಬ್ಯಾಡ. ಅವರಿಗೆ ಕೊನೀಗೆ ಬಡಸು. ಉಳಿದಿದ್ದಷ್ಟ ಬಡಸು.”

“ಮನೀಗೆ ಬಂದವರನ್ನ ಉಪವಾಸ ಕುಂಡ್ರಸ್ಲೇನು? ಹುಚ್ಚ ಹಿಡದೈತೇನು ನಿನಗ?”

“ಅವರು ಹೊಟ್ಟಿ ತುಂಬ ಉಂಡು ಹೋದ್ರ ಯಾರ್ಡಿನ ಜೋಳ ಹೋಗತೈತಿ!”

“ಹೋದ್ರ ಹೋಗ್ಲಿ. ಮಾನ ಹೋಗೂದು ಬ್ಯಾಡ.” ಅಷ್ಟೇ. ಬದನೆಕಾಯಿ ಸೀಳತೊಡಗಿದಳು.

ಮೇಡಂ ಮಧ್ಯಾಹ್ನ ಬಂದರು. ಕೊನೆಗೆ ಕೂರುತ್ತೇನೆಂದು ಎಷ್ಟು ಹೇಳಿದರೂ ಅವ್ವ ಬಿಡಲಿಲ್ಲ, ಕೈಹಿಡಿದು ಹಮಾಲರ ಪಂಕ್ತಿಯಲ್ಲೇ ಕೂರಿಸಿಬಿಟ್ಟಳು. ಬಿಸಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆಮೊಸರು. “ಇನ್ನೊಂದು ಹಾಕ್ಕೋರಿ, ನಮ್ಮ ರೊಟ್ಟಿ ತೆಳ್ಳಗಿರತಾವ್ರಿ.” ಮೇಡಂ ಬೇಡ ಬೇಡ ಎನ್ನುತ್ತಲೇ ತಿಂದರು, ತಿನ್ನುತ್ತ ಅವರ ಮುಖ ಅರಳಿತು. ಪಕ್ಕದಲ್ಲಿ ದಾವಲಸಾಬ ಕಾಕಾ ಯಾರ ಹಂಗೂ ಇಲ್ಲದೆ ಉಣ್ಣುತ್ತಿದ್ದ. ನಾನು ಕಂಬದ ಹತ್ತಿರ ನಿಂತು, ಎಲ್ಲ ಮುಗಿಯಿತು ಅಂದುಕೊಂಡೆ.

ಪಂಕ್ತಿ ಎದ್ದಿತು. ಹಮಾಲರು ಯಾರ್ಡಿಗೆ ಮರಳಿದರು. ಮೇಡಂ ಕೈತೊಳೆದು ಹೊರಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬಾಳವ್ವ, ಈಗ ನೀವು ಕೂತ್ಕೊಳ್ಳಿ. ನಾನು ಬಡಿಸ್ತೀನಿ.”

“ನಂದ್ ಆಗೈತ್ರಿ.”

“ಯಾವಾಗ ಆಯ್ತು? ನಾನು ಬಂದಾಗಿಂದ ನೀವು ನಿಂತೇ ಇದ್ದೀರಿ.”

ಅವ್ವ ತಡೆಯುವಷ್ಟರಲ್ಲಿ ಮೇಡಂ ರೊಟ್ಟಿಯ ಬುಟ್ಟಿಯ ಅರಿವೆ ಎತ್ತಿದರು. ಒಳಗೆ ಏನೂ ಇರಲಿಲ್ಲ. ಹಿಟ್ಟಿನ ಡಬ್ಬಿ ತೆರೆದರು. ನೆರೆಮನೆಯ ಸೇರು ಹಿಟ್ಟೂ ಮುಗಿದಿತ್ತು. ಅವರು ಖಾಲಿ ಬುಟ್ಟಿಯನ್ನು ಕೈಗೆತ್ತಿಕೊಂಡರು.

“ನಾನು ನಾಲ್ಕು ತಿಂದೆ,” ಅಂದರು, ನನಗೂ ಅಲ್ಲ, ಅವ್ವನಿಗೂ ಅಲ್ಲ. “ಅಳೆಯೋಕೆ ಬಂದು, ಅಳೀಬೇಕಾದ್ದನ್ನೇ ತಿಂದ್ಬಿಟ್ಟೆ.”

ಬುಟ್ಟಿ ಕೆಳಗಿಟ್ಟು ಚೀಲದಿಂದ ಫೋನು ತೆಗೆದರು. ನಮ್ಮದೇ ಪರದೆ ತೆರೆದರು. ಮಾರ್ಕೆಟ್ ಯಾರ್ಡು, ಹುಬ್ಬಳ್ಳಿ. ಕೊನೆಗೆ ಕೂತವರ ಪಾಲು? ಅವರ ಬೆರಳು ಸೊನ್ನೆಯ ಮೇಲೆ ಹೋದದ್ದನ್ನು ಅವ್ವ ನೋಡಿದಳು.

“ಬ್ಯಾಡ್ರಿ ಮೇಡಂ,” ಅಂದಳು. “ಸೊನ್ನಿ ಹಾಕಬ್ಯಾಡ್ರಿ. ಮಂದಿ ಏನಂದಾರು? ಇಷ್ಟ ವರ್ಷ ಊರಿಗೆಲ್ಲಾ ಉಣ್ಣಾಕ ಹಾಕಿ, ಬಾಳವ್ವ ತಾ ಉಪವಾಸ ಇದ್ಲು ಅಂತಾರ. ಅರ್ಧಾನರ ಹಾಕ್ರಿ.”

ಮೇಡಂ ಅವರ ಬೆರಳು ನಿಂತಿತು. ಅವರು ನನ್ನ ಕಡೆ ನೋಡಿದರು. ನಾನು ಅವ್ವನ ಎದುರು ಹೋಗಿ ನೆಲದ ಮೇಲೆ ಕೂತೆ.

“ಅವ್ವಾ, ಅರ್ಧ ಅಂತ ಹಾಕಿದ್ರ ದಾವಲಸಾಬ ಕಾಕಾ ನಾಳೆ ಎಲ್ಲಿ ಉಣಬೇಕು? ನಾ ಅವರ ರೊಟ್ಟಿ ಎಣಿಸಿದ್ದಕ್ಕ ನನ್ನ ಬೈದಿ. ಬೈದಿದ್ದು ಬರೋಬ್ಬರಿ ಐತಿ. ಇದು ಅವರ ತಾಟಲ್ಲ, ನಿಂದು. ಹೇಳೂದು ಬಿಡೂದು ನಿನ್ನ ಕೈಯಾಗೈತಿ.”

ಅವ್ವ ಒಲೆಯ ಕಡೆ ತಿರುಗಿ ಕೂತಳು. ಹೆಂಚಿನ ಮೇಲಿನ ಬೂದಿಯನ್ನು ಅರಿವೆಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಸೊನ್ನಿ ಅಂತ ಹಾಕ್ರಿ,” ಅಂದಳು, ನಮ್ಮ ಕಡೆ ತಿರುಗದೆ. “ಇವತ್ತಷ್ಟ ಅಲ್ರಿ. ಭಾಳ ದಿನ ಹಿಂಗ ಆಗೈತಿ. ಅದನ್ನೂ ಹಾಕ್ಕೋರಿ.”

ಮೇಡಂ ಹಾಕಿಕೊಂಡರು. ಯಾರ್ಡಿನ ಜೋಳ ನಿಲ್ಲಲಿಲ್ಲ, ಮುಂದಿನ ತಿಂಗಳು ಎರಡು ಪಟ್ಟು ಬಂತು.